ಹಳೇ ಬಂಗಾರದ ಮೇಲಿನ ಮುದ್ರೆ ಓದೋಕೆ ತರಿಸಿದ 10 ಎಕ್ಸ್ ಲೂಪ್, ಎಂಟು ತಿಂಗಳು ಬಳಸಿದ ಮೇಲೆ

60 ಎಕ್ಸ್, ಅಂದ್ರೆ 60 ಪಟ್ಟು ದೊಡ್ಡದಾಗಿ ತೋರಿಸತ್ತೆ, ಅಂತ ಡಬ್ಬಿ ಮೇಲೆ ಬರೆದಿದ್ದ ಲೂಪ್ (ಒಡವೆ ನೋಡೋ ಪುಟ್ಟ ಭೂತಗನ್ನಡಿ) ನಂಬ್ಕೊಂಡು ನಾನು ಮೂರು ದಿನ ತಾತನ ವಾಚ್ ಚೈನ್ ಮೇಲಿರೋದು ತ್ರಿಶೂಲ ಅಂದ್ಕೊಂಡಿದ್ದೆ. ಅಮ್ಮಂಗೂ ಹೇಳ್ಬಿಟ್ಟಿದ್ದೆ, ಅವ್ರು ಪಕ್ಕದ್ಮನೆಯವ್ರಿಗೂ ಹೇಳಿ ಆಗಿತ್ತು, ಯಾರೋ ದೈವಭಕ್ತಿ ಇದ್ದ ಅಕ್ಕಸಾಲಿಗ್ರೇ ಮಾಡಿರ್ಬೇಕು ನೋಡಿ ಅಂತ. ಆಮೇಲೆ ಒಂದು ಸರಿಯಾದ 10 ಎಕ್ಸ್ ತರಿಸಿ ನೋಡಿದ್ರೆ ಅದು ಹಡಗಿನ ಲಂಗರು. ನಾನು ಚೈನನ್ನ ಸರಿ ದಿಕ್ಕಿಗೆ ಹಿಡ್ಕೊಂಡೇ ಇರ್ಲಿಲ್ಲ. ಈ ರಿವ್ಯೂ ಆ ಎರಡನೇ ಲೂಪ್‌ದು, ಆದ್ರೆ ಅದ್ರಲ್ಲಿ ಏನೇನು ಕಾಣ್ತು ಅಂತ ಹೇಳ್ದೆ ಬರೀ ಲೆನ್ಸ್ ಚೆನ್ನಾಗಿದೆ, ಪ್ಯಾಕಿಂಗ್ ಚೆನ್ನಾಗಿದೆ ಅಂದ್ರೆ ಯಾರಿಗೂ ಉಪಯೋಗ ಇಲ್ಲ, ಅದಕ್ಕೇ ಸ್ವಲ್ಪ ಉದ್ದ ಆಗತ್ತೆ, ಕಾಫಿ ತಂದಿಟ್ಕೊಂಡು ಓದಿ.

ಹೋದ ವರ್ಷ ಅಪ್ಪನ ಹೆಸರಿನ ಬ್ಯಾಂಕ್ ಲಾಕರ್ ಕ್ಲೋಸ್ ಮಾಡಿದ್ವಿ. ಒಳಗೆ ಅಜ್ಜಿಯ ಒಡವೆ ಇರತ್ತೆ ಅಂತ ಗೊತ್ತಿತ್ತು, ಅದ್ರ ಜೊತೆ ಒಂದು ಹಳೇ ಸಿಗರೇಟ್ ಟಿನ್ ಸಿಕ್ತು. ಟಿನ್ ಒಳಗೆ ತಾತನ ವಾಚ್ ಚೈನ್, ಅಮ್ಮನ ಕಡೆ ತಾತಂದು ಒಂದ್ಜೊತೆ ಕಫ್‌ಲಿಂಕ್, ನಿಂತು ಹೋದ ಒಂದು ಪಾಕೆಟ್ ವಾಚು, ದಾರದಲ್ಲಿ ಪೋಣಿಸಿದ್ದ ಒಂದು ಪವನಿನ ಪದಕ. ಚೈನ್ ಬಗ್ಗೆ ನಮ್ಮನೇಲಿ ಒಂದು ದೊಡ್ಡ ಕಥೆ ಇದೆ. ತಾತ ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಆಫೀಸಿನ ಗುಮಾಸ್ತ್ರು, ಊರಿಗೆ ವಾಪಸ್ ಹೋಗ್ತಿದ್ದ ಒಬ್ಬ ಇಂಗ್ಲಿಷ್ ದೊರೆ ಖುಷಿಯಿಂದ ಕೊಟ್ಟಿದ್ದು, ಕೋಲಾರದ ಗಣಿ ಚಿನ್ನದಲ್ಲೇ ಮಾಡಿಸಿದ್ದು, 22 ಕ್ಯಾರೆಟ್, ಅಪ್ಪಟ. ಈ ಕಥೆ ಕೇಳ್ಕೊಂಡೇ ನಾವು ಬೆಳೆದಿದ್ದು.

ಲಾಕರ್‌ನಿಂದ ನೇರ ಒಂದು ಒಡವೆ ಅಂಗಡಿಗೆ ತಗೊಂಡು ಹೋದ್ವಿ, ಹೆಸರು ಬೇಡ ಬಿಡಿ. ಅಲ್ಲಿನ ಹುಡುಗ ಚೈನ್ ತಗೊಂಡು ಒರೆಗಲ್ಲಿಗೆ ಉಜ್ಜಿ, ಒಂದು ಹನಿ ಆಸಿಡ್ ಬಿಟ್ಟು, ಮುಖ ಸಿಂಡರಿಸ್ಕೊಂಡು "ಮೇಡಂ ಇದು ಬಂಗಾರ ಅಂತ ಹೇಳೋಕಾಗಲ್ಲ, ಅರ್ಧಕ್ಕಿಂತ ಜಾಸ್ತಿ ತಾಮ್ರಾನೇ ಇದೆ, ಕರಗಿಸಿದ್ರೆ ಬಂದಷ್ಟು ಕೊಡ್ತೀವಿ" ಅಂದ. ಮುದ್ರೆ ಏನೋ ಇದೆ ನೋಡಪ್ಪ ಅಂದ್ರೆ "ಅದೆಲ್ಲಾ ಹಳೇ ಕಾಲದ ಡಿಸೈನ್ ಮೇಡಂ" ಅಂದ. ಡಿಸೈನ್ ಅಂತೆ! ಪ್ರತಿ ಕೊಂಡಿ ಮೇಲೂ ಅದೇ ಚುಕ್ಕೆ ಚುಕ್ಕೆ ಗುರುತು ಇತ್ತು, ಯಾರು ತಾನೆ ಅಷ್ಟು ಸಣ್ಣಕ್ಕೆ, ಕಣ್ಣಿಗೇ ಕಾಣ್ದಂಗೆ ಡಿಸೈನ್ ಮಾಡ್ತಾರೆ? ಆ ಸಿಟ್ಟಿಗೆ ಅವತ್ತು ರಾತ್ರೀನೇ ಮೊಬೈಲಲ್ಲಿ ಮೊದಲ ಲೂಪ್ ಆರ್ಡರ್ ಮಾಡಿದ್ದು.

ಮುನ್ನೂರು ರೂಪಾಯಿದು, 60 ಎಕ್ಸ್, ಜೊತೆಗೆ ಎಲ್‌ಇಡಿ ಲೈಟ್ ಬೇರೆ. ಜಾಸ್ತಿ ಎಕ್ಸ್ ಇದ್ರೆ ಜಾಸ್ತಿ ಕಾಣತ್ತೆ ಅಂತ ನಾನೂ ಅಂದ್ಕೊಂಡಿದ್ದೆ, ಎಲ್ರೂ ಹಂಗೇ ಅಂದ್ಕೊಳ್ಳೋದು. ಆಗೋದೇನು ಅಂದ್ರೆ ಒಂದೇ ಗಾಜಿನ ಸಾದಾ ಲೆನ್ಸ್, ಮಧ್ಯ ಒಂದು ಸಾಸಿವೆ ಕಾಳಿನಷ್ಟು ಜಾಗ ಮಾತ್ರ ಕ್ಲಿಯರ್, ಸುತ್ತ ಎಲ್ಲಾ ಎಳೆದಂಗೆ ಮಂಜು ಮಂಜು, ಅಕ್ಷರದ ಅಂಚಿಗೆಲ್ಲಾ ನೀಲಿ ಹಳದಿ ಬಣ್ಣ ಮೆತ್ಕೊಂಡಂಗೆ ಕಾಣತ್ತೆ. ಮೇಲಿಂದ ಎಲ್‌ಇಡಿ ಬೆಳಕು ನೇರ ಬಿದ್ದು ಬಂಗಾರ ಫಳ್ ಅಂತ ಹೊಳೆದು ಇರೋ ಮುದ್ರೇನೂ ಅಳಿಸ್ಕೊಂಡು ಹೋಗತ್ತೆ. ತ್ರಿಶೂಲ ಹುಟ್ಟಿದ್ದು ಅಲ್ಲೇ.

ಎರಡನೇದು 10 ಎಕ್ಸ್ ಟ್ರಿಪ್ಲೆಟ್, ಸಾವಿರದ ಎಂಟುನೂರು ಆಯ್ತು. ಟ್ರಿಪ್ಲೆಟ್ ಅಂದ್ರೆ ಮೂರು ಗಾಜು ಸೇರಿಸಿ ಅಂಟಿಸಿ ಒಂದೇ ಲೆನ್ಸ್ ಮಾಡಿರ್ತಾರೆ, ಅಂಚಿನ ಬಣ್ಣ ಮತ್ತೆ ಆ ಎಳೆದಂಗೆ ಕಾಣೋದು ಎರಡೂ ಅದ್ರಿಂದ ಸರಿ ಹೋಗತ್ತೆ. ವಜ್ರ ನೋಡೋರೂ ಇದೇ 10 ಎಕ್ಸ್ ಬಳಸೋದು. ಒಂದ್ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಚಿಕ್ಕ ಗಾಜು, ಸ್ಟೀಲ್ ಕವರು, ಒಂದು ಸ್ಕ್ರೂ ಮೇಲೆ ತಿರುಗಿ ಹೊರಗೆ ಬರತ್ತೆ, ಲೈಟ್ ಗೀಟ್ ಏನಿಲ್ಲ. ಲೈಟ್ ಇಲ್ದೆ ಇರೋದೇ ಒಳ್ಳೇದು, ಯಾಕೆ ಅಂತ ಹೇಳ್ತೀನಿ.

ಹಿಡ್ಕೊಳ್ಳೋ ರೀತಿ ಯಾರೂ ಡಬ್ಬಿ ಮೇಲೆ ಬರೆದಿರಲ್ಲ. ನಾನು ಮೊದ್ಲು ಭೂತಗನ್ನಡಿ ಥರ ಒಡವೆ ಹತ್ರ ಹಿಡಿದು ದೂರದಿಂದ ಬಗ್ಗಿ ನೋಡ್ತಿದ್ದೆ. ಹಂಗಲ್ಲ, ಲೂಪು ಕಣ್ಣಿಗೆ ಅಂಟ್ಕೊಂಡಂಗಿರ್ಬೇಕು, ಕನ್ನಡಕ ಇದ್ರೆ ಕನ್ನಡಕಕ್ಕೇ ತಾಗ್ಲಿ, ಆಮೇಲೆ ಒಡವೇನ ಲೂಪಿನ ಹತ್ರ ತರ್ಬೇಕು, ಸುಮಾರು ಎರಡೂವರೆ ಸೆಂಟಿಮೀಟರ್ ಹತ್ರ ಬಂದಾಗ ಟಕ್ ಅಂತ ಫೋಕಸ್ ಆಗತ್ತೆ. ಎರಡು ಕೈ ಒಂದಕ್ಕೊಂದು ತಾಗಿಸ್ಕೊಂಡಿದ್ರೆ ನಡುಗಲ್ಲ. ಇನ್ನೊಂದು ಕಣ್ಣು ಮುಚ್ಬೇಡಿ, ಐದೇ ನಿಮಿಷಕ್ಕೆ ತಲೆನೋವು ಬರತ್ತೆ. ಬೆಳಕು ಪಕ್ಕದಿಂದ ಬರ್ಬೇಕು, ಬೆಳಗ್ಗೆ ಕಿಟಕಿ ಹತ್ರ ಕೂತ್ಕೊಂಡು ಒಡವೇನ ನಿಧಾನಕ್ಕೆ ಓರೆ ಮಾಡ್ತಾ ಹೋದ್ರೆ ಮುದ್ರೆಯ ತಗ್ಗಿನಲ್ಲಿ ನೆರಳು ತುಂಬ್ಕೊಂಡು ಅಕ್ಷರ ಎದ್ದು ಬರತ್ತೆ. ಆದ್ರೂ ಕಾಣ್ಲಿಲ್ಲ ಅಂದ್ರೆ ಹಾ ಅಂತ ಬಾಯಿಂದ ಉಸಿರು ಬಿಡಿ, ಆವಿ ಕೂತು ಹೊಳಪು ಹೋಗಿ ಎರಡು ಸೆಕೆಂಡ್ ಮುದ್ರೆ ಕಾಣಿಸ್ಕೊಂಡು ಮಾಯ ಆಗತ್ತೆ. ನಮ್ಮ ಮಗಳಿಗೆ ಇದೊಂದು ಆಟ ಆಗಿಹೋಗಿದೆ.

ಕ್ಲೀನ್ ಮಾಡೋದು ಹೆಂಗೆ ಅಂತ ಹೇಳ್ಕೊಟ್ಟಿದ್ದು ನಮ್ಮ ಏರಿಯಾದ ಅಕ್ಕಸಾಲಿ ಆಚಾರ್ರು. ಅಂಟುವಾಳಕಾಯಿ ರಾತ್ರಿ ನೆನೆಹಾಕಿ, ಆ ನೀರಲ್ಲಿ ಹತ್ತು ನಿಮಿಷ ಇಟ್ಟು, ಮಕ್ಕಳ ಮೆತ್ತನೆ ಬ್ರಷ್‌ನಲ್ಲಿ ತಿಕ್ಕಿ, ಅಷ್ಟೇ. "ಪಾಲಿಶ್ ಮಾತ್ರ ಹೊಡೆಸ್ಬೇಡಿ ತಾಯಿ, ಒಂದೊಂದು ಸಲ ಪಾಲಿಶ್‌ಗೆ ಕೊಟ್ಟಾಗ್ಲೂ ಮುದ್ರೆ ಒಂದು ಪದರ ಹೋಯ್ತು ಅಂತ್ಲೇ ಲೆಕ್ಕ" ಅಂದ್ರು. ಅಮ್ಮ ಪ್ರತಿ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಅಜ್ಜಿ ಒಡವೆಗೆಲ್ಲಾ ಪಾಲಿಶ್ ಹೊಡೆಸ್ತಿದ್ರು ಅನ್ನೋದು ನೆನಪಾಗಿ ನಾನು ಸುಮ್ನಾದೆ.

ಈಗ ಚೈನು. ಇದಕ್ಕೆ ಆಲ್ಬರ್ಟ್ ಚೈನ್ ಅಂತಾರೆ, ವಿಕ್ಟೋರಿಯಾ ರಾಣಿಯ ಗಂಡನ ಹೆಸರು. ಒಂದು ತುದೀಲಿ ಇಂಗ್ಲಿಷ್ ಟೀ ಅಕ್ಷರದಂಥ ಅಡ್ಡಕಡ್ಡಿ, ಅದು ಕೋಟಿನ ಕಾಜಕ್ಕೆ ಸಿಗಿಸೋಕೆ, ಇನ್ನೊಂದು ತುದೀಲಿ ವಾಚಿಗೆ ಹಾಕೋ ಕೊಕ್ಕೆ. ಫೋಟೋದಲ್ಲಿ ತಾತ ಕ್ಲೋಸ್ ಕೋಟು, ಜರಿಪೇಟ ಹಾಕ್ಕೊಂಡು ಎರಡನೇ ಗುಂಡೀಲಿ ಇದನ್ನೇ ಸಿಗಿಸ್ಕೊಂಡು ನಿಂತಿದ್ದಾರೆ. ಅಡ್ಡಕಡ್ಡಿ ಮೇಲೆ ಸಾಲಾಗಿ ನಾಲ್ಕೈದು ಮುದ್ರೆ. 9, ಪಕ್ಕದಲ್ಲಿ .375, ಲಂಗರು, ಒಂದು ಸಣ್ಣ ಇಂಗ್ಲಿಷ್ ಅಕ್ಷರ, ಇವೆಲ್ಲದಕ್ಕಿಂತ ಸ್ವಲ್ಪ ದೂರದಲ್ಲಿ, ಓರೆಯಾಗಿ ಹೊಡೆದಿರೋ ಎರಡು ಅಕ್ಷರ.

9 ಅಂದ್ರೆ 9 ಕ್ಯಾರೆಟ್, .375 ಅಂದ್ರೆ ಸಾವಿರದಲ್ಲಿ 375 ಭಾಗ ಚಿನ್ನ, ಎರಡೂ ಒಂದೇ. ಬ್ರಿಟನ್‌ನಲ್ಲಿ 1854ರಲ್ಲಿ 9, 12, 15 ಕ್ಯಾರೆಟ್‌ಗೆ ಕಾನೂನು ಒಪ್ಪಿಗೆ ಸಿಕ್ತು, ಆಮೇಲೆ ಅಲ್ಲಿನ ಮಧ್ಯಮ ವರ್ಗದವ್ರ ವಾಚ್ ಚೈನ್ ಎಷ್ಟೋ 9 ಕ್ಯಾರೆಟ್‌ನಲ್ಲೇ ಬಂದಿರೋದು, ದಿನಾ ಎಳೆದಾಡೋ ವಸ್ತು ಗಟ್ಟಿ ಇರ್ಬೇಕಲ್ಲ. ಅಂದ್ರೆ ಅಂಗಡಿ ಹುಡುಗ ಹೇಳಿದ ತಾಮ್ರದ ಲೆಕ್ಕ ಒಂದ್ರೀತಿ ಸರೀನೇ, ಆದ್ರೆ ಬಂಗಾರ ಅಲ್ಲ ಅಂದಿದ್ದು ಮಾತ್ರ ತಪ್ಪು. ನಮ್ಮ ಬಿಐಎಸ್‌ನವ್ರೇ, ಅಂದ್ರೆ ಭಾರತೀಯ ಮಾನಕ ಬ್ಯೂರೋದವ್ರೇ, 2025ರಲ್ಲಿ 9 ಕ್ಯಾರೆಟ್‌ನೂ ಹಾಲ್‌ಮಾರ್ಕಿಂಗ್ ಲಿಸ್ಟಿಗೆ ಸೇರಿಸಿದ್ದಾರೆ ಗೊತ್ತಾ.

ಲಂಗರು ಅಂದ್ರೆ ಬರ್ಮಿಂಗ್‌ಹ್ಯಾಮ್ ಊರಿನ ಪರೀಕ್ಷೆ ಕಚೇರಿ ಗುರುತು, ಬಂಗಾರ ಪರೀಕ್ಷೆ ಮಾಡಿ ಮುದ್ರೆ ಹಾಕೋ ಜಾಗ ಅದು. ಸಮುದ್ರವೇ ಇಲ್ಲದ ಊರಿಗೆ ಲಂಗರು ಹೆಂಗೆ ಬಂತು ಅಂತ ನಂಗೂ ಆಶ್ಚರ್ಯ ಆಗಿತ್ತು. 1773ರಲ್ಲಿ ಅಲ್ಲಿನ ಕಾರ್ಖಾನೆ ಮಾಲೀಕ ಮ್ಯಾಥ್ಯೂ ಬೌಲ್ಟನ್ ಮತ್ತೆ ಅವ್ನ ಕಡೆಯವ್ರು ಬರ್ಮಿಂಗ್‌ಹ್ಯಾಮ್‌ಗೆ, ಶೆಫೀಲ್ಡ್‌ಗೆ ಒಂದೊಂದು ಪರೀಕ್ಷೆ ಕಚೇರಿ ಬೇಕು ಅಂತ ಲಂಡನ್ನಿಗೆ ಹೋಗಿ ಪಾರ್ಲಿಮೆಂಟ್ ಮುಂದೆ ಗಲಾಟೆ ಮಾಡಿ ತಂದ್ರಂತೆ, ಅವ್ರೆಲ್ಲಾ ಕೂತು ಮಾತಾಡ್ತಿದ್ದ ಹೋಟೆಲ್ ಹೆಸರು ಕ್ರೌನ್ ಆ್ಯಂಡ್ ಆ್ಯಂಕರ್, ಕಿರೀಟ ಶೆಫೀಲ್ಡ್‌ಗೆ ಹೋಯ್ತು ಲಂಗರು ಬರ್ಮಿಂಗ್‌ಹ್ಯಾಮ್‌ಗೆ ಬಂತು ಅಂತ ಕಥೆ ಹೇಳ್ತಾರೆ. ಲಂಡನ್‌ದು ಚಿರತೆ ತಲೆ, ಎಡಿನ್‌ಬರೋದು ಕೋಟೆ, ಚೆಸ್ಟರ್‌ದು ಮೂರು ಗೋಧಿ ಕಟ್ಟು ಮಧ್ಯ ಒಂದು ಕತ್ತಿ. ಚೆಸ್ಟರ್ ಕಚೇರಿ 1962ರಲ್ಲೇ ಮುಚ್ಚಿದೆ, ಆದ್ರಿಂದ ಗೋಧಿ ಕಟ್ಟು ಕಂಡ್ರೆ ವಸ್ತು ಅದಕ್ಕಿಂತ ಹಿಂದಿಂದು ಅಂತ ಕಣ್ಮುಚ್ಕೊಂಡು ಹೇಳ್ಬಹುದು. ಹಾಲ್‌ಮಾರ್ಕ್ ಅನ್ನೋ ಪದಾನೇ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್‌ನಿಂದ ಬಂದಿದ್ದು, ನಾವು ಚಿಕ್ಕಪೇಟೇಲಿ ನಿಂತು ದಿನಾ ಹೇಳೋ ಪದ.

ಸಣ್ಣ ಅಕ್ಷರ ವರ್ಷದ್ದು, ಕಚೇರಿಯವ್ರು ವರ್ಷಕ್ಕೊಂದು ಅಕ್ಷರ ಹೊಡೀತಿದ್ರು. ಇಲ್ಲೇ ನಾನು ಎಡವಿದ್ದು. ಮೊದಲ ಸಲ ಓದ್ದಾಗ ಅದು ಸಣ್ಣ ಯು ಥರ ಕಾಣ್ತು. ಬರ್ಮಿಂಗ್‌ಹ್ಯಾಮ್ ಪಟ್ಟಿ ಪ್ರಕಾರ 1900ಕ್ಕೆ ಸಣ್ಣ ಎ ಇಂದ ಶುರು, ಜೆ ಒಂದು ಬಿಟ್ಟು ಉಳಿದ ಇಪ್ಪತ್ತೈದು ಅಕ್ಷರ 1924ರವರೆಗೆ, ಆಮೇಲೆ 1925ರಿಂದ ದೊಡ್ಡ ಎ. ಸಣ್ಣ ಯು ಅಂದ್ರೆ 1919. ಸರಿ ಅಂತ ಬರ್ಕೊಂಡೆ, ತಮ್ಮಂಗೆ ವಾಟ್ಸಾಪ್ ಮಾಡ್ದೆ. ಮಾರನೇ ದಿನ ಕಾಫಿ ಕುಡೀತಾ ಮತ್ತೆ ನೋಡ್ದಾಗ ಗೊತ್ತಾಯ್ತು, .375 ಅನ್ನೋದು ತಲೆಕೆಳಗಿದೆ. ಅದನ್ನ ನೆಟ್ಟಗೆ ತಿರುಗಿಸಿ ಹಿಡಿದ್ರೆ ಯು ಹೋಗಿ ಎನ್ ಆಯ್ತು! ಎನ್ ಅಂದ್ರೆ 1912. ಏಳು ವರ್ಷ ಹಿಂದಕ್ಕೆ ಹೋಯ್ತು, ಮಧ್ಯ ಒಂದು ಮಹಾಯುದ್ಧಾನೇ ಬಂದು ಹೋಗಿದೆ. ಅದಕ್ಕೇ ಹೇಳೋದು, ದಿಕ್ಕು ತೀರ್ಮಾನ ಮಾಡೋಕೆ 9 ಅನ್ನ ನಂಬ್ಬೇಡಿ ಅದು ತಿರುಗಿದ್ರೆ 6, ಲಂಗರನ್ನೂ ನಂಬ್ಬೇಡಿ ಅದು ಒಂದೊಂದ್ಸಲ ಅಡ್ಡ ಮಲಗಿರತ್ತೆ, ಓರೆಯಾಗಿರೋ ಆ ಎರಡು ತಯಾರಕರ ಅಕ್ಷರವಂತೂ ಬೇಡ್ವೇ ಬೇಡ ಯಾಕಂದ್ರೆ ಅದನ್ನ ಮಾಡಿದವ್ರೇ ಕಚೇರಿಗೆ ಕಳ್ಸೋಕೆ ಮುಂಚೆ ತಮ್ಮ ವರ್ಕ್‌ಶಾಪಲ್ಲಿ ಹೊಡೆದಿರ್ತಾರೆ, ಉಳಿದ ಮುದ್ರೆ ಕಚೇರೀಲಿ ಬೀಳೋದು, ಎರಡೂ ಒಂದೇ ದಿಕ್ಕಿಗೆ ಇರ್ಬೇಕು ಅಂತ ಏನಿಲ್ಲ. .375 ನೆಟ್ಟಗಿದ್ರೆ ಅದ್ರ ಜೊತೆಗಿರೋ ಅಕ್ಷರ ಓದಿ. ಮತ್ತೆ ಅಕ್ಷರ ಬದಲಾಗ್ತಿದ್ದಿದ್ದು ಜುಲೈನಲ್ಲಿ, ಜನವರೀಲಿ ಅಲ್ಲ, ಅಂದ್ರೆ ಎನ್ ಅನ್ನೋದು 1912ರ ಮಧ್ಯದಿಂದ 1913ರ ಮಧ್ಯದವರೆಗೆ. ಲಂಡನ್ ಪಟ್ಟಿ ಬೇರೆ, ಅಲ್ಲಿ ಇಪ್ಪತ್ತು ಅಕ್ಷರಕ್ಕೇ ಒಂದು ಸುತ್ತು ಮುಗಿಯತ್ತೆ. ಅದಕ್ಕೇ ಮೊದ್ಲು ಊರು, ಆಮೇಲೆ ವರ್ಷ. ಉಲ್ಟಾ ಮಾಡಿದ್ರೆ ನನ್ನ ಥರ ಆಗತ್ತೆ.

ಇನ್ನು ತಯಾರಕರ ಮುದ್ರೆ, ನಿಜವಾಗ್ಲೂ ಯಾರು ಮಾಡಿದ್ದು ಅಂತ ಹೇಳೋದು ಇದೊಂದೇ. ಇಂಗ್ಲೆಂಡಲ್ಲಿ 1363ರಿಂದ ಇದು ಕಡ್ಡಾಯ, ಮೊದಮೊದ್ಲು ಓದು ಬರಹ ಬರೋರು ಕಮ್ಮಿ ಇದ್ದಿದ್ರಿಂದ ಮೀನು, ಹಕ್ಕಿ ಥರ ಚಿತ್ರಾನೇ ಹೊಡೀತಿದ್ರು, ಆಮೇಲೆ ಹೆಸರಿನ ಮೊದಲಕ್ಷರ ಬಂತು. ನಮ್ಮ ಚೈನ್ ಮೇಲೆ ಎರಡಕ್ಷರ, ಮೊದಲನೇದು ಎಚ್ ಅನ್ನೋದು ಖಂಡಿತ, ಎರಡನೇದು ತಾತನ ಕೋಟಿಗೆ ಮೂವತ್ತು ವರ್ಷ ಉಜ್ಜಿ ಉಜ್ಜಿ ಸವೆದು ಬಿ, ಪಿ, ಆರ್ ಮೂರರಲ್ಲಿ ಯಾವ್ದೂ ಆಗ್ಬಹುದು. ಅಕ್ಷರ ಒಂದೇ ನೋಡಿದ್ರೆ ಸಾಲಲ್ಲ, ಅದ್ರ ಸುತ್ತ ಇರೋ ಚೌಕಟ್ಟಿನ ಆಕಾರ ನೋಡ್ಬೇಕು, ಮೊಟ್ಟೆ ಆಕಾರನಾ, ಆಯತನಾ, ಗುರಾಣಿ ಥರನಾ, ಮೂಲೆ ಕತ್ತರಿಸಿದೆಯಾ, ಮಧ್ಯ ಚುಕ್ಕೆ ಇದೆಯಾ. ಒಂದೇ ಇನಿಷಿಯಲ್ ಇರೋ ಹತ್ತು ಜನ ಒಂದೇ ಊರಲ್ಲಿ ಇರ್ತಾರೆ, ನಮ್ಮಲ್ಲಿ ಒಂದೇ ಕ್ಲಾಸಲ್ಲಿ ಐದು ಜನ ಮಂಜುನಾಥ ಇದ್ದಂಗೆ, ಅವ್ರನ್ನ ಬೇರೆ ಮಾಡೋದೇ ಆ ಚೌಕಟ್ಟು. 60 ಎಕ್ಸ್‌ನಲ್ಲಿ ಚೌಕಟ್ಟು ಪೂರ್ತಿ ಒಂದೇ ನೋಟಕ್ಕೆ ಸಿಗ್ತಾನೇ ಇರ್ಲಿಲ್ಲ, 10 ಎಕ್ಸ್‌ನಲ್ಲಿ ಇಡೀ ಸಾಲು ಒಟ್ಟಿಗೆ ಕಾಣತ್ತೆ. ದುಡ್ಡು ಕೊಟ್ಟಿದ್ದಕ್ಕೆ ಸಾರ್ಥಕ ಆಗಿದ್ದು ಇಲ್ಲೇ ನೋಡಿ.

ಕೊನೆ ಕೊಕ್ಕೆ ಮೇಲಿನ ಅಕ್ಷರಗಳು ಬೇರೆ, ಅಡ್ಡಕಡ್ಡೀದು ಬೇರೆ. ಕೊಕ್ಕೆ ಯಾವಾಗ್ಲೋ ಮುರಿದು ಬದಲಾಯಿಸಿದ್ದಾರೆ ಅಂತ ಅರ್ಥ. ಹಳೇ ಚೈನ್ ಕೊಳ್ಳೋರಿದ್ರೆ ಪ್ರತಿ ಕೊಂಡೀನೂ ಒಂದೊಂದಾಗಿ ನೋಡಿ, ಮಧ್ಯ ಒಂದು ಕೊಂಡಿ ಬೋಳಾಗಿದ್ರೆ ಅಲ್ಲಿ ರಿಪೇರಿ ಆಗಿದೆ.

ಅಮ್ಮಂಗೆ ಹೇಳೋದೇ ಕಷ್ಟ ಆಯ್ತು. 22 ಕ್ಯಾರೆಟ್ ಹೋಗಿ 9 ಆಯ್ತು, ಕೋಲಾರ ಹೋಗಿ ಬರ್ಮಿಂಗ್‌ಹ್ಯಾಮ್ ಆಯ್ತು. ಅವ್ರು ಎರಡು ದಿನ ಲೂಪನ್ನೇ ಬೈತಿದ್ರು. ತಮ್ಮ ಮಾತ್ರ ಫೋನಲ್ಲಿ ಒಂದು ವಾದ ಹೂಡ್ದ, ಆ ಕಾಲದಲ್ಲಿ ಕೆಜಿಎಫ್ ಗಣಿ ನಡೆಸ್ತಿದ್ದಿದ್ದು ಜಾನ್ ಟೇಲರ್ ಆ್ಯಂಡ್ ಸನ್ಸ್, ಚಿನ್ನ ಹಡಗು ಹತ್ತಿ ಇಂಗ್ಲೆಂಡಿಗೇ ಹೋಗ್ತಿತ್ತು, ಅಲ್ಲಿ ಹೋದ ಚಿನ್ನದಲ್ಲೇ ಬರ್ಮಿಂಗ್‌ಹ್ಯಾಮ್‌ನವ್ನು ಚೈನ್ ಮಾಡಿರ್ಬಾರ್ದು ಅಂತ ಏನಿದೆ ಅಂತ. ಲೂಪಲ್ಲಿ ಅದೆಲ್ಲಾ ಕಾಣಲ್ಲ ಕಣೋ ಅಂದೆ. ಅಮ್ಮ ಅಷ್ಟೇ ಸಾಕು ಅಂತ ಆ ವಾದ ಹಿಡ್ಕೊಂಡಿದ್ದಾರೆ.

ಕಫ್‌ಲಿಂಕ್ ಸುಲಭ ಆಯ್ತು. ಮೈಸೂರಲ್ಲಿ ವಕೀಲರಾಗಿದ್ದ ತಾತಂದು, ಮೊಟ್ಟೆ ಆಕಾರದ ಎರಡು ಬಿಲ್ಲೆ, ಮಧ್ಯ ಸಣ್ಣ ಸರಪಳಿ. ಬಹುಶಃ ವರ್ಷಕ್ಕೆ ಎರಡು ಸಲ ಹಾಕಿರ್ಬೇಕು, ಮುದ್ರೆ ನಿನ್ನೆ ಹೊಡೆದಂಗಿದೆ. ಲಂಗರು, 15, .625. ಇಲ್ಲಿ ವರ್ಷದ ಅಕ್ಷರ ನೋಡೋಕೆ ಮುಂಚೇನೇ ಒಂದು ವಿಷಯ ಗೊತ್ತಾಗತ್ತೆ, 15 ಕ್ಯಾರೆಟ್‌ನ 1932ರಲ್ಲಿ ನಿಲ್ಲಿಸಿ ಅದ್ರ ಜಾಗಕ್ಕೆ 14 ತಂದ್ರು, ಹಂಗಾಗಿ ಇದು ಆಮೇಲಿಂದು ಆಗೋಕೇ ಸಾಧ್ಯ ಇಲ್ಲ. ತಯಾರಕರ ಮುದ್ರೆ ಡಿ ಮತ್ತೆ ಎಫ್, ನಡುವೆ ಆ್ಯಂಡ್ ಗುರುತು. ಬರ್ಮಿಂಗ್‌ಹ್ಯಾಮ್‌ನ ಡೀಕಿನ್ ಆ್ಯಂಡ್ ಫ್ರಾನ್ಸಿಸ್, 1786ರಿಂದ ಇರೋ ಮನೆತನದ ಕಂಪನಿ, ಇವತ್ತಿಗೂ ಕಫ್‌ಲಿಂಕ್‌ಗೇ ಹೆಸರುವಾಸಿ. ಚಾಮರಾಜಪುರಂನ ಮನೆಯ ಗಾಡ್ರೆಜ್ ಬೀರುವಲ್ಲಿ, ಆಮೇಲೆ ಲಾಕರಲ್ಲಿ ಅಷ್ಟು ವರ್ಷ ಬಿದ್ದಿದ್ದ ವಸ್ತು, ಮಾಡಿದವ್ರ ಅಂಗಡಿ ಇನ್ನೂ ತೆರೆದಿದೆ ಅಂದ್ರೆ ಒಂಥರಾ ಅನ್ಸತ್ತೆ.

ಪಾಕೆಟ್ ವಾಚ್ ವಿಷಯ ಬೇಗ ಮುಗಿಸ್ತೀನಿ, ಅದು ಬಂಗಾರನೇ ಅಲ್ಲ. ಹಿಂದಿನ ಮುಚ್ಚಳದ ಒಳಗೆ ಇಪ್ಪತ್ತು ವರ್ಷ ಬಾಳಿಕೆ ಗ್ಯಾರಂಟಿ ಅಂತ ಇಂಗ್ಲಿಷಲ್ಲಿ ಕೆತ್ತಿದೆ. ಗಟ್ಟಿ ಬಂಗಾರಕ್ಕೆ ಯಾರಾದ್ರೂ ವರ್ಷದ ಗ್ಯಾರಂಟಿ ಕೊಡ್ತಾರಾ, ಮೇಲೆ ಹೊದಿಸಿದ ಬಂಗಾರದ ತಗಡು ಅಷ್ಟು ವರ್ಷ ಸವೆಯಲ್ಲ ಅಂತ ಅದ್ರ ಅರ್ಥ. ಲೂಪಲ್ಲಿ ಅಂಚು ನೋಡಿದ್ರೆ ಹಳದಿ ಪದರ ಸವೆದು ಒಳಗಿನ ಕೆಂಪು ಲೋಹ ಇಣುಕ್ತಿದೆ. ಅದೇ ನಮ್ಮತ್ತೆಯವ್ರ ಹತ್ರ ಇರೋ ಪುಟಾಣಿ ಲೇಡೀಸ್ ವಾಚ್ ಒಳಗೆ ಅಳಿಲು ಸಿಕ್ತು, ನಿಜವಾಗ್ಲೂ ಅಳಿಲು, ಬಾಲ ಎತ್ಕೊಂಡು ಕೂತಿರೋದು. ಸ್ವಿಟ್ಜರ್‌ಲ್ಯಾಂಡ್‌ನವ್ರ 14 ಕ್ಯಾರೆಟ್ ಗುರುತು ಅದು, 18ಕ್ಕೆ ಒಂದು ಹೆಣ್ಣಿನ ತಲೆ, ಹೆಲ್ವೀಷಿಯಾ ಅಂತಾರೆ. 1995ರಿಂದ ಅದೆಲ್ಲಾ ತೆಗೆದು ಸೇಂಟ್ ಬರ್ನಾರ್ಡ್ ನಾಯಿ ತಲೆ ಮಾಡ್ಬಿಟ್ರು. ಮಗಳಿಗೆ ಶ್ರೀರಾಮ ಬೆನ್ನು ಸವರಿದ ಅಳಿಲು ಇಲ್ಲಿಗೆ ಯಾಕೆ ಬಂತು ಅಂತ ಪ್ರಶ್ನೆ, ಗೆರೆ ಇದೆಯಾ ಅಂತ ಹತ್ತು ಸಲ ಲೂಪ್ ಇಸ್ಕೊಂಡು ನೋಡಿದ್ಲು.

ಪವನಿನ ಪದಕ ಮಾತ್ರ ನಾನು ಊಹಿಸೇ ಇರ್ಲಿಲ್ಲ. ನಾವು ಪವನು ಅಂದ್ರೆ 8 ಗ್ರಾಂ ಅಂತ ತೂಕದ ಲೆಕ್ಕ ಮಾಡ್ತೀವಲ್ಲ, ಅದ್ರ ಮೂಲ ಬ್ರಿಟಿಷ್ ಸಾವರಿನ್, 22 ಕ್ಯಾರೆಟ್, ತೂಕ 7.98 ಗ್ರಾಂ. ಅಜ್ಜಿ ಅದಕ್ಕೆ ಮೇಲೊಂದು ಕೊಂಡಿ ಬೆಸುಗೆ ಹಾಕಿಸಿ ಪದಕ ಮಾಡ್ಕೊಂಡಿದ್ರು. ಒಂದು ಕಡೆ ಐದನೇ ಜಾರ್ಜ್ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಕೂತು ಡ್ರ್ಯಾಗನ್ ಕೊಲ್ಲೋ ಸೇಂಟ್ ಜಾರ್ಜ್, ಕೆಳಗೆ 1918. ಲೂಪ್ ಹಿಡ್ದು ಇಸವಿಯ ಮೇಲಿನ ನೆಲದ ಗೆರೆ ಹುಡುಕಿ, ಅಲ್ಲಿ ಯಾವ ಟಂಕಸಾಲೆ ಅಂತ ಒಂದು ಸಣ್ಣ ಅಕ್ಷರ ಇರತ್ತೆ. ಎಂ ಅಂದ್ರೆ ಮೆಲ್ಬರ್ನ್, ಎಸ್ ಸಿಡ್ನಿ, ಪಿ ಪರ್ತ್. ನಮ್ಮದರಲ್ಲಿ ಐ. ಐ ಅಂದ್ರೆ ಇಂಡಿಯಾ, ಬಾಂಬೆ ಟಂಕಸಾಲೇಲಿ 1918ರಲ್ಲಿ ಮಾತ್ರ ಹೊಡೆದಿದ್ದು. ಸಾಸಿವೆ ಕಾಳಿನ ಅರ್ಧ ಇಲ್ಲ ಆ ಅಕ್ಷರ. ಬಲಗಡೆ ಅಂಚಲ್ಲಿ ಬಿ ಪಿ ಅಂತ ಇನ್ನೂ ಸಣ್ಣಕ್ಕಿದೆ, ಅದು ಆ ಕುದುರೆ ಚಿತ್ರ ಕೆತ್ತಿದ ಬೆನೆಡೆಟ್ಟೋ ಪಿಸ್ಟ್ರುಚ್ಚಿ ಅನ್ನೋ ಇಟಲಿಯವ್ನ ಸಹಿ. ಸಾವರಿನ್‌ಗೆ ನಕಲು ಬಹಳ ಇದೆ, ಎಷ್ಟೋ ನಕಲನ್ನೂ ಬಂಗಾರದಲ್ಲೇ ಮಾಡಿರ್ತಾರೆ, ಆದ್ರೆ ಇಂಥ ಸಣ್ಣ ಅಕ್ಷರ, ಕುದುರೆ ಗೊರಸು, ಲಗಾಮು ಇವು ಬೆಣ್ಣೆ ಕರಗಿದಂಗೆ ಮೊದ್ದಾಗಿರತ್ತೆ. ಕೊಂಡಿ ಬೆಸುಗೆ ಹಾಕಿರೋದ್ರಿಂದ ನಾಣ್ಯ ಕೂಡಿಡೋರಿಗೆ ಇದು ಬೇಡ, ನಾವೂ ಕೊಡ್ತಿಲ್ಲ ಬಿಡಿ.

ಈಗ ಈ ಲೂಪ್ ಎಲ್ಲಿ ಕೈಕೊಡತ್ತೆ ಅಂತಾನೂ ಹೇಳ್ಬೇಕು. ಅಜ್ಜಿಯ ಡಾಬು, ವಂಕಿ, ಜಡೆಬಿಲ್ಲೆ ಎಲ್ಲಾ ಕಿಟಕಿ ಹತ್ರ ಹರವ್ಕೊಂಡು ಒಂದು ಭಾನುವಾರ ಪೂರ್ತಿ ಕೂತೆ. ಡಾಬಿನ ಒಳಗಡೆ 22/20 ಅಂತ ಒಂದು ಮುದ್ರೆ, ಪಕ್ಕದಲ್ಲಿ ಮೂರು ಇಂಗ್ಲಿಷ್ ಅಕ್ಷರ, ಅಷ್ಟೇ. ವಂಕೀಲಿ ಏನೂ ಇಲ್ಲ. ಜಡೆಬಿಲ್ಲೆ ಹಿಂದೆ ಅರಗು ತುಂಬಿರೋದು ಬಿಟ್ರೆ ಸೊನ್ನೆ. ಇಂಗ್ಲೆಂಡಿನ ಥರ ಪಟ್ಟಿ ತೆಗೆದು ಹುಡುಕೋಣ ಅಂದ್ರೆ ನಮ್ಮಲ್ಲಿ ಪಟ್ಟಿ ಎಲ್ಲಿದೆ, ಬಂಗಾರಕ್ಕೆ ಬಿಐಎಸ್ ಹಾಲ್‌ಮಾರ್ಕ್ ಬಂದಿದ್ದೇ 2000ದಲ್ಲಿ, ಕಡ್ಡಾಯ ಆಗಿದ್ದು 2021ರ ಜೂನ್‌ನಲ್ಲಿ, ಅದೂ ಮೊದ್ಲು 256 ಜಿಲ್ಲೇಲಿ. ಅದಕ್ಕೂ ಹಿಂದೆ ಮನೆ ಅಕ್ಕಸಾಲಿಗರ ಮಾತೇ ಹಾಲ್‌ಮಾರ್ಕು. ಡಾಬು ಎತ್ಕೊಂಡು ಮತ್ತೆ ಆಚಾರ್ರ ಹತ್ರಾನೇ ಹೋದೆ.

ಅವ್ರು ಲೂಪ್ ಬೇಡ ಅಂದ್ರು, ಕನ್ನಡಕ ಹಣೆ ಮೇಲೆ ಏರಿಸ್ಕೊಂಡು ಬೆರಳಲ್ಲಿ ಸವರಿದ್ರು. "22/20 ಅಂದ್ರೆ ಹಾಕಿರೋ ಬಂಗಾರ 22, ಕರಗಿಸಿದ್ರೆ ಬೆಸುಗೆ ಎಲ್ಲಾ ಸೇರಿ 20 ಬರತ್ತೆ ಅಂತ ತಾಯಿ, ಹಳಬರು ಪ್ರಾಮಾಣಿಕವಾಗಿ ಮೇಲೇ ಬರೀತಿದ್ರು. ಆಮೇಲೆ ಕೆಡಿಎಂ ಬಂತು, ಕ್ಯಾಡ್ಮಿಯಂ ಬೆಸುಗೆ, ಅದ್ರ ಹೊಗೆ ಕುಡಿದೇ ನಮ್ಮಣ್ಣ ಕೆಮ್ಮು ಹತ್ತಿಸ್ಕೊಂಡಿದ್ದು" ಅಂದ್ರು. ಕೆಡಿಎಂ ಅಂದ್ರೆ ಪರಿಶುದ್ಧತೆ ಮುದ್ರೆ ಅಂತ ನಾನು ಇಷ್ಟು ದಿನ ಅಂದ್ಕೊಂಡಿದ್ದೆ, ಅದು ಬೆಸುಗೆ ಹೆಸರು ಅಷ್ಟೆ. 1963ರಲ್ಲಿ ಗೋಲ್ಡ್ ಕಂಟ್ರೋಲ್ ಬಂದು 14 ಕ್ಯಾರೆಟ್‌ಗಿಂತ ಮೇಲೆ ಒಡವೆ ಮಾಡಂಗಿಲ್ಲ ಅಂದಾಗ ಅವ್ರ ತಂದೆ ಕುಲುಮೆ ಆರಿಸಿ ವರ್ಷಗಟ್ಲೆ ಬೇರೆ ಕೂಲಿಗೆ ಹೋಗಿದ್ರಂತೆ. ಮೂರಕ್ಷರದ ಮುದ್ರೆ ಯಾರದು ಅಂತ ಕೇಳ್ದೆ. ಅಕ್ಷರ ನೋಡ್ಲೇ ಇಲ್ಲ ಅವ್ರು, ಡಾಬಿನ ತಿರುಪು ಬಿಚ್ಚಿ ಮತ್ತೆ ಹಾಕಿ ನೋಡಿ "ಈ ತಿರುಪು ಎಡಕ್ಕೆ ತಿರುಗತ್ತೆ, ಇದು ನಗರ್ತಪೇಟೆ ಕಡೆಯವ್ರ ಕೆಲಸ" ಅಂದ್ರು. ನನ್ನ ಸಾವಿರದ ಎಂಟುನೂರು ರೂಪಾಯಿ ಲೂಪ್ ಕೈಯಲ್ಲೇ ಇತ್ತು.

ಚೈನು, ಡಾಬು ಎರಡೂ ಒಂದ್ಸಲ ಮೆಷಿನ್‌ನಲ್ಲೂ ನೋಡಿಸ್ಬಿಡೋಣ ಅಂತ ಬಿಐಎಸ್ ಮಾನ್ಯತೆ ಇರೋ ಹಾಲ್‌ಮಾರ್ಕಿಂಗ್ ಸೆಂಟರ್‌ಗೂ ಹೋಗಿದ್ವಿ. ಜನಸಾಮಾನ್ಯರ ಒಡವೇನೂ ಅವ್ರು ಟೆಸ್ಟ್ ಮಾಡಿ ಕೊಡ್ತಾರೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ, ನಾವು ಹೋದಾಗ ನಾಲ್ಕು ಪೀಸ್‌ವರೆಗೆ 200 ರೂಪಾಯಿ ಇತ್ತು. ಎಕ್ಸ್‌ಆರ್‌ಎಫ್ ಮೆಷಿನ್, ಅಂದ್ರೆ ಎಕ್ಸ್-ರೇ ಬಿಟ್ಟು ಲೋಹ ಅಳೆಯೋದು, ಕೆರೆಯಲ್ಲ ಕತ್ತರಿಸಲ್ಲ, ಎರಡು ನಿಮಿಷದ ಕೆಲಸ. ಚೈನ್ 37.6 ಪರ್ಸೆಂಟ್ ತೋರಿಸ್ತು, ಮುದ್ರೆ ಹೇಳಿದ್ದಕ್ಕೂ ಅದಕ್ಕೂ ಸರಿಯಾಗಿ ಹೊಂದ್ತು. ಆದ್ರೆ ಆ ಮೆಷಿನ್ ಮೇಲ್ಮೈ ಮಾತ್ರ ನೋಡತ್ತೆ, ದಪ್ಪ ಹೊದಿಕೆ ಇರೋ ವಸ್ತೂಲಿ ಏಮಾರ್ಬಹುದು, ಮತ್ತೆ ಅದು ಎಷ್ಟು ಚಿನ್ನ ಅಂತ ಹೇಳತ್ತೆ ಹೊರತು ಯಾರು, ಯಾವಾಗ, ಎಲ್ಲಿ ಅಂತ ಹೇಳಲ್ಲ.

ಬಳಕೆಗೆ ಸಂಬಂಧಿಸಿದ ಇನ್ನೊಂದೆರಡು ಮಾತು. ಫೋಟೋ ಬೇಕಿದ್ರೆ ಲೂಪನ್ನ ಮೊಬೈಲ್ ಕ್ಯಾಮೆರಾಗೆ ಅಂಟಿಸಿ ಹಿಡಿದು ಸ್ವಲ್ಪ ಜೂಮ್ ಮಾಡಿ, ನಾನು ಎರಡು ದಪ್ಪ ಪುಸ್ತಕದ ಮೇಲೆ ಫೋನ್ ಇಟ್ಟು ತೆಗೀತೀನಿ, ಚೆನ್ನಾಗೇ ಬರತ್ತೆ. ಸವೆದ ಮುದ್ರೆಗೆ ಮೇಣದಬತ್ತಿ ಮಸಿ ಹಿಡಿಸಿ, ಆರಿದ ಮೇಲೆ ಸೆಲ್ಲೋಟೇಪ್ ಒತ್ತಿ ತೆಗೆದು ಬಿಳಿ ಹಾಳೆಗೆ ಅಂಟಿಸಿದ್ರೆ ಅಕ್ಷರ ಹಾಳೆ ಮೇಲೆ ಬರತ್ತೆ, ಎಚ್ ಪಕ್ಕದ ಅಕ್ಷರ ಪಿ ಇರ್ಬಹುದು ಅಂತ ಒಂಚೂರು ಸುಳಿವು ಸಿಕ್ಕಿದ್ದು ಹಂಗೇ. ಮುತ್ತು, ಹವಳ, ಕೆಂಪು ಇರೋ ಒಡವೆಗೆ ಮಾತ್ರ ಈ ಮಸಿ ಆಟ ಬೇಡ.

ಬೇಜಾರಿನ ವಿಷಯ ಅಂದ್ರೆ ಜೊತೆಗೆ ಕೊಡೋ ರೆಕ್ಸಿನ್ ಪೌಚು, ಎರಡನೇ ತಿಂಗಳಿಗೇ ಒಳಪದರ ಪುಡಿ ಪುಡಿಯಾಗಿ ಉದುರಿ ಲೆನ್ಸ್ ಮೇಲೆ ಕೂತ್ಕೊಳ್ತು, ಈಗ ಹಳೇ ಮೈಸೂರು ಸಿಲ್ಕ್ ಸೀರೆ ತುಂಡಲ್ಲಿ ಸುತ್ತಿಡ್ತೀನಿ. ಕವರ್ ಸ್ಕ್ರೂ ಆರನೇ ತಿಂಗಳಲ್ಲಿ ಸಡಿಲ ಆಗಿ ಲೆನ್ಸ್ ತಾನಾಗೇ ಹೊರಗೆ ಬೀಳೋಕೆ ಶುರು ಆಯ್ತು, ಗಾಂಧಿ ಬಜಾರ್ ಹತ್ರ ಫುಟ್‌ಪಾತಲ್ಲಿ ಕೂರೋ ವಾಚ್ ರಿಪೇರಿಯವ್ರು ಇಪ್ಪತ್ತು ರೂಪಾಯಿಗೆ ಬಿಗಿ ಮಾಡ್ಕೊಟ್ರು, ಮಾಡೋಕೆ ಮುಂಚೆ ಅದೇ ಲೂಪಲ್ಲಿ ನನ್ನ ಕೈಗಡಿಯಾರ ನೋಡಿ "ಒಳ್ಳೆ ಗಾಜು ಅಮ್ಮ, ಎಷ್ಟಕ್ಕೆ ಕೊಡ್ತೀರ" ಅಂತ ಕೇಳಿದ್ರು. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಕಟ್ ಮಾಡಿದ್ದು ಪೌಚ್‌ಗೆ. ಅಮ್ಮ ಕೊಟ್ರೆ ಎರಡೇ ಸ್ಟಾರ್, ಅದು ಬೇರೆ ಕಾರಣಕ್ಕೆ.